ಇಪ್ಪತ್ತಮೂರು ಹಳೆಯ ಬೇಸ್‌ಬಾಲ್ ಕಾರ್ಡುಗಳು ಸಿಕ್ಕಿವೆ: ಯಾರು ಈ ಆಟಗಾರರು?

ಹೊಸಮನೆ:
ಎಲ್ಲರಿಗೂ ನಮಸ್ಕಾರ. ನಾನು ಓಹಾಯೋದ ಕ್ಲೀವ್‌ಲ್ಯಾಂಡ್ ಹತ್ತಿರ ಇರುವವನು. ಕಳೆದ ಶನಿವಾರ ನಮ್ಮ ಬೀದಿಯ ಅಜ್ಜಿಯೊಬ್ಬರ ಮನೆ ಖಾಲಿ ಮಾಡುವ ಮಾರಾಟವಿತ್ತು. ಅಜ್ಜಿ ಮಗಳ ಊರಿಗೆ ಹೋಗುತ್ತಿದ್ದಾರೆ. ಹೊಲಿಗೆ ಸಾಮಾನುಗಳ ನಡುವೆ ಒಂದು ತಗಡಿನ ಡಬ್ಬಿ, ಅದರೊಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಇಪ್ಪತ್ತಮೂರು ಬೇಸ್‌ಬಾಲ್ ಕಾರ್ಡುಗಳು ಇದ್ದವು. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಎತ್ತರ, ಅಷ್ಟೇ. ಮುಂದೆ ಬಣ್ಣದ ಚಿತ್ರ, ಕೆಳಗೆ ಬಿಳಿ ಪಟ್ಟಿಯಲ್ಲಿ ಕಂದು ಅಕ್ಷರದಲ್ಲಿ ಆಟಗಾರನ ಹೆಸರು ಮತ್ತು ಊರು. ಹಿಂದೆ ನೀಲಿ ಶಾಯಿಯಲ್ಲಿ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು. ನಾಲ್ಕು ನೂರು ಡಾಲರ್ ಕೊಟ್ಟು ತಂದೆ. ಮನೆಯವಳಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ.

ಪ್ರಸಿದ್ಧ ಬ್ಯಾಟರ್ ಟೈ ಕಾಬ್ ಹೆಸರು ಮಾತ್ರ ಗೊತ್ತಿತ್ತು. ಕೆಂಪು ಹಿನ್ನೆಲೆಯ ಅವರ ಕಾರ್ಡ್ ಒಂದಿದೆ. ಉಳಿದವರು ನನಗೆ ಅಪರಿಚಿತರು. ಬರ್ಗನ್, ಬ್ರೂಕ್ಲಿನ್. ಪವರ್ಸ್, ಫಿಲಡೆಲ್ಫಿಯಾ. ಟೇಲರ್, ಬಫಲೊ. ಹನ್ನೊಂದು ವರ್ಷದ ಮಗ ಬರ್ಗನ್ ಕಾರ್ಡನ್ನು ಎತ್ತಿಕೊಂಡು ‘ಅಪ್ಪಾ, ಇವರು ಯಾರು?’ ಎಂದು ಕೇಳಿದ. ಉತ್ತರ ನನ್ನ ಬಳಿ ಇರಲಿಲ್ಲ. ಆ ಕಾರ್ಡಿನ ತಲೆಯ ಹತ್ತಿರ ಗುಂಡುಸೂಜಿಯ ತೂತು ಇದೆ, ಯಾರೋ ಗೋಡೆಗೆ ಚುಚ್ಚಿದ್ದರು ಎಂದು ಕಾಣುತ್ತದೆ.

ನನ್ನ ಪ್ರಶ್ನೆ ಮೂರು. ಇವು ಅಸಲಿಯೇ? ಗ್ರೇಡಿಂಗ್‌ಗೆ, ಅಂದರೆ ಪರಿಣತರಿಂದ ಪರೀಕ್ಷಿಸಿ ಅಂಕ ಹಾಕಿಸಲು, ಕಳುಹಿಸಬೇಕೇ? ಈ ಬರ್ಗನ್ ಯಾರು?

ಲೆಕ್ಕಿಗ:
ಕಾಬ್ ಕಾರ್ಡನ್ನು ಇಂದೇ ಗ್ರೇಡಿಂಗ್‌ಗೆ ಕಳುಹಿಸಿ. ಉಳಿದ ಇಪ್ಪತ್ತೆರಡನ್ನು ಒಟ್ಟಿಗೆ ಮಾರಿಬಿಡಿ. ಹೆಸರಿಲ್ಲದ ಆಟಗಾರರ ಸವೆದ ಕಾರ್ಡಿಗೆ ಕೆಲವು ಹತ್ತು ಡಾಲರ್ ಸಿಗುತ್ತದೆ, ಅಷ್ಟೇ. ಹಾಕಿದ ಹಣ ಸುಲಭವಾಗಿ ವಾಪಸು ಬರುತ್ತದೆ.

ಮೂರನೇ ಬೇಸ್:
ಹೊಸಮನೆಯವರೇ, ದಯವಿಟ್ಟು ಏನನ್ನೂ ಮಾರಬೇಡಿ. ಮೊದಲು ಆ ರಬ್ಬರ್ ಬ್ಯಾಂಡ್ ತೆಗೆಯಿರಿ! ಕಾರ್ಡಿನ ಅಂಚಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

ನೀವು ಹೇಳುತ್ತಿರುವುದು ಟಿ206 ಎಂಬ ಸರಣಿ. ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ತನ್ನ ಸಿಗರೇಟ್ ಪ್ಯಾಕೆಟ್‌ಗಳಲ್ಲಿ ಇಟ್ಟು ಹಂಚಿದ್ದು. ಐನೂರಕ್ಕೂ ಹೆಚ್ಚು ಬೇರೆಬೇರೆ ಕಾರ್ಡುಗಳಿವೆ. ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್, ಪೋಲಾರ್ ಬೇರ್, ಸಾವರಿನ್, ಓಲ್ಡ್ ಮಿಲ್ ಹೀಗೆ ಹಲವು ಸಿಗರೇಟ್, ತಂಬಾಕಿನ ಹೆಸರುಗಳು ಹಿಂಬದಿಯಲ್ಲಿ ಬರುತ್ತವೆ. ಒಬ್ಬನೇ ಆಟಗಾರ, ಒಂದೇ ಚಿತ್ರ, ಆದರೆ ಹಿಂಬದಿ ಬೇರೆಯಾದರೆ ಬೆಲೆಯೂ ಬೇರೆ. 1911ರಲ್ಲಿ ಸುಪ್ರೀಂ ಕೋರ್ಟ್ ಆ ಕಂಪನಿಯ ಏಕಸ್ವಾಮ್ಯವನ್ನು ಒಡೆಯಿತು, ಸರಣಿಯೂ ಅದೇ ವರ್ಷ ನಿಂತಿತು.

ಇನ್ನು ಬರ್ಗನ್. ನಿಮ್ಮ ಮಗ ಎಂಥ ಮನುಷ್ಯನನ್ನು ಆರಿಸಿದ್ದಾನೆ ನೋಡಿ! ಬಿಲ್ ಬರ್ಗನ್ 1901ರಿಂದ 1911ರವರೆಗೆ ಆಡಿದ ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು. ಮೊದಲು ಸಿನ್ಸಿನಾಟಿ, ಆಮೇಲೆ ಬ್ರೂಕ್ಲಿನ್. 3,028 ಬಾರಿ ಬ್ಯಾಟ್ ಬೀಸಿ 516 ಹಿಟ್ ಮಾಡಿದರು, ಸರಾಸರಿ .170. ಕ್ರಿಕೆಟ್ ಮಾತ್ರ ಬಲ್ಲವರಿಗೆ ಹೇಳುವುದಾದರೆ ನೂರು ಸಲಕ್ಕೆ ಹದಿನೇಳು ಸಲ ಯಶಸ್ಸು. ಒಳ್ಳೆಯ ಬ್ಯಾಟರ್ ಎಂದರೆ ಮೂವತ್ತು. ಅಷ್ಟು ದೀರ್ಘಕಾಲ ಆಡಿದವರಲ್ಲಿ ಇದಕ್ಕಿಂತ ಕೆಟ್ಟ ಸರಾಸರಿ ಯಾರದ್ದೂ ಇಲ್ಲ. 1909ರಲ್ಲಂತೂ .139. ಇಡೀ ವೃತ್ತಿಜೀವನದಲ್ಲಿ ಎರಡೇ ಹೋಮ್ ರನ್, ನಮ್ಮ ಸಿಕ್ಸರ್ ಥರದ ಹೊಡೆತ.

ಹಾಗಿದ್ದರೂ ಹನ್ನೊಂದು ವರ್ಷ ತಂಡದಲ್ಲಿ ಇಟ್ಟುಕೊಂಡಿದ್ದೇಕೆ? ಆತನ ತೋಳು. ಆ ಕಾಲದ ಆಟದಲ್ಲಿ ಹೋಮ್ ರನ್ ಅಪರೂಪ. ಬೇಸ್ ಕದಿಯುವುದು (ಚೆಂಡು ಹೊಡೆಯದಿರುವಾಗಲೇ ಮುಂದಿನ ಬೇಸಿಗೆ ಓಡುವುದು), ಚೆಂಡನ್ನು ಮೆಲ್ಲಗೆ ತಟ್ಟಿ ಓಡುವುದು, ಇದರಲ್ಲೇ ಪಂದ್ಯ ನಿರ್ಧಾರವಾಗುತ್ತಿತ್ತು. ಕೂತಲ್ಲಿಂದ ಎದ್ದು ಎರಡನೇ ಬೇಸಿಗೆ ಗುಂಡಿನಂತೆ ಚೆಂಡು ಎಸೆಯುವ ಕ್ಯಾಚರ್ ಇದ್ದರೆ ಎದುರಾಳಿ ಕದಿಯಲು ಹೆದರುತ್ತಿದ್ದ. ಬರ್ಗನ್ ಉಳಿಸಿದ ರನ್ನುಗಳು ಆ .170ರಲ್ಲಿ ಎಲ್ಲೂ ಕಾಣುವುದಿಲ್ಲ. ಟಿ206ರಲ್ಲಿ ಬರ್ಗನ್‌ಗೆ ಎರಡು ಚಿತ್ರಗಳಿವೆ, ಬ್ಯಾಟ್ ಹಿಡಿದದ್ದು ಮತ್ತು ಕ್ಯಾಚರ್ ಆಗಿ ನಿಂತದ್ದು. ನಿಮ್ಮದು ಯಾವುದು?

ಹೊಸಮನೆ:
ಬ್ಯಾಟ್ ಹಿಡಿದದ್ದು! ರಬ್ಬರ್ ಬ್ಯಾಂಡ್ ತೆಗೆದೆ, ಧನ್ಯವಾದ. ನೀವು ಬರೆದದ್ದನ್ನು ಮಗನಿಗೆ ಓದಿ ಹೇಳಿದೆ. ‘ಬ್ಯಾಟ್ ಮಾಡಲು ಬರದಿದ್ದರೂ ಹನ್ನೊಂದು ವರ್ಷವಾ?’ ಎಂದು ಎರಡು ಸಲ ಕೇಳಿದ. ಶಾಲೆಯ ತಂಡದಲ್ಲಿ ಅವನೂ ಕ್ಯಾಚರ್.

ಎಡಗೈ ಬೌಲರ್:
ನಾನು ಬೆಂಗಳೂರಿನವನು, ಬೇಸ್‌ಬಾಲ್ ಏನೂ ಗೊತ್ತಿಲ್ಲ. ಆದರೆ ಈ ಕಥೆ ಕೇಳಿ ನಮ್ಮ ಕಾಲದ ವಿಕೆಟ್ ಕೀಪರುಗಳು ನೆನಪಾದರು. ಹನ್ನೊಂದನೇ ಕ್ರಮಾಂಕದಲ್ಲಿ ಬ್ಯಾಟಿಂಗ್‌ಗೆ ಬಂದರೂ ಸ್ಪಿನ್ನಿಗೆ ಸ್ಟಂಪ್ ಪಕ್ಕ ನಿಂತರೆ ಸಾಕಿತ್ತು, ಅವರ ಜಾಗ ಭದ್ರ.

ಅಂಚೆಪೆಟ್ಟಿಗೆ:
ಚಿಕ್ಕಂದಿನಲ್ಲಿ ಬಬಲ್‌ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತಲ್ಲ, ಯಾರ ಬಳಿಯಾದರೂ ಉಳಿದಿದೆಯೇ? ನನ್ನದೊಂದು ಕಟ್ಟು ಮೈಸೂರಿನ ಮನೆಯ ಅಟ್ಟದಲ್ಲಿತ್ತು. ಮನೆಗೆ ಸುಣ್ಣ ಬಳಿಸುವಾಗ ಅಮ್ಮ ಹಳೇ ಪೇಪರಿನವನಿಗೆ ಹಾಕಿದರು. ಅಂಚೆಚೀಟಿ ಆಲ್ಬಮ್ ಮಾತ್ರ ಬೀರುವಿನಲ್ಲಿದ್ದ ಕಾರಣ ಉಳಿಯಿತು.

ಮೂರನೇ ಬೇಸ್:
@ಅಂಚೆಪೆಟ್ಟಿಗೆ, ಅಮೆರಿಕದ ಅಮ್ಮಂದಿರೂ ಅದನ್ನೇ ಮಾಡಿದರು. ಹಳೆಯ ಕಾರ್ಡಿಗೆ ಇಂದು ಬೆಲೆ ಬಂದಿರುವುದೇ ಆ ಕಾರಣಕ್ಕೆ. ಕಂಪನಿಗಳೂ ಎಸೆದಿವೆ. ಟಾಪ್ಸ್ ಕಂಪನಿಯ 1952ರ ಸರಣಿ 407 ಕಾರ್ಡಿನದ್ದು. ಕೊನೆಯ ಕಂತು ತಡವಾಗಿ ಬಂದು ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿತ್ತು. 1960ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಯಲ್ಲಿ ಸಾಗಿಸಿ ನ್ಯೂಜೆರ್ಸಿ ಕರಾವಳಿಯಾಚೆ ಸಮುದ್ರಕ್ಕೆ ಸುರಿಸಿದೆ ಎಂದು ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಆ ಕಂತಿನಲ್ಲೇ ಪ್ರಸಿದ್ಧ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ 311ನೇ ಸಂಖ್ಯೆಯ ಕಾರ್ಡು ಇದ್ದದ್ದು. 2022ರಲ್ಲಿ ಅಂಥದ್ದೊಂದು ಕಾರ್ಡ್ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು.

ಲೆಕ್ಕಿಗ:
ನೋಡಿ, ಕೊನೆಗೆ ನೀವೂ ಬೆಲೆಗೇ ಬಂದಿರಿ. ನಾನು ಹೇಳುವುದೂ ಅದೇ. ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಹಳೆಯ ಕಾರ್ಡು ಎಂದರೆ ನಕಲಿ ತುಂಬಿದ ಸಂತೆ. ಆರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರನಿಂದ ಒಂಬೈನೂರು ಡಾಲರ್ ಕೊಟ್ಟು ಒಂದು ಟಿ206 ತೆಗೆದುಕೊಂಡೆ. ಬಂದದ್ದು ಮರುಮುದ್ರಣ. ಕಾಫಿಯಲ್ಲಿ ಅದ್ದಿ ಹಳೆಯ ಬಣ್ಣ ಬರಿಸಿದ್ದರು. ಆ ಹಣ ವಾಪಸು ಬರಲೇ ಇಲ್ಲ. ಅಂದಿನಿಂದ ಗ್ರೇಡಿಂಗ್ ಆಗದ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚದ ಯಾವ ಕಾರ್ಡನ್ನೂ ಮುಟ್ಟುವುದಿಲ್ಲ. ಹೊಸಬರಿಗೆ ಇದನ್ನು ಹೇಳದೆ ಬರೀ ಭಾವುಕ ಮಾತು ಹೇಳುವುದು ತಪ್ಪು.

ಮೂರನೇ ಬೇಸ್:
ಒಂಬೈನೂರು ಡಾಲರ್ ಹೋದದ್ದು ಕೇಳಿ ನಿಜಕ್ಕೂ ಬೇಸರವಾಯಿತು. ಎಚ್ಚರಿಕೆ ಸರಿ. ಆದರೆ ಪೆಟ್ಟಿಗೆಯಲ್ಲಿ ಮುಚ್ಚಿದ ಮಾತ್ರಕ್ಕೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಕಾರ್ಡುಗಳಿಗೆ ಗ್ರೇಡ್ ಕೊಡುವ ಪಿಎಸ್‌ಎ ಕಂಪನಿ 1991ರಲ್ಲಿ ಶುರುವಾದಾಗ ಮೊಟ್ಟಮೊದಲು ಗ್ರೇಡ್ ಕೊಟ್ಟದ್ದು ಆ ಕಾಲದ ಪ್ರಸಿದ್ಧ ಆಟಗಾರ ಹೋನಸ್ ವ್ಯಾಗ್ನರ್ ಅವರ ಒಂದು ಟಿ206 ಕಾರ್ಡಿಗೆ, ಹತ್ತಕ್ಕೆ ಎಂಟು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ ಅದರ ಹಳೆಯ ಮಾಲೀಕ ಬಿಲ್ ಮಾಸ್ಟ್ರೊ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದಾಗಿ ಹೇಳಿದ.

ಹಾಗಾಗಿ ಮನೆಯಲ್ಲೇ ಪರೀಕ್ಷೆ ಮಾಡಲು ಕಲಿಯಿರಿ. ಹೊಸಮನೆಯವರೇ, ನೇರಳಾತೀತ ಬೆಳಕಿನ ಚಿಕ್ಕ ಟಾರ್ಚ್ ತೆಗೆದುಕೊಳ್ಳಿ, ನೋಟು ಪರೀಕ್ಷಿಸಲು ಅಂಗಡಿಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ದೀಪ ಆರಿಸಿ ಕಾರ್ಡಿನ ಮೇಲೆ ಹಾಯಿಸಿ. ಎರಡನೇ ಮಹಾಯುದ್ಧದ ನಂತರ ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ರಾಸಾಯನಿಕ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. 1909ರ ಕಾಗದ ಹೊಳೆಯುವುದಿಲ್ಲ, ಮಂಕಾಗಿ ಇರುತ್ತದೆ. ಹೊಳೆಯದಿದ್ದರೆ ಅಸಲಿ ಎಂದು ಖಚಿತವಲ್ಲ, ಹಳೆಯ ಕಾಗದದ ಮೇಲೆ ಮುದ್ರಿಸುವ ಮೋಸಗಾರರೂ ಇದ್ದಾರೆ. ಹೊಳೆದರೆ ಮಾತ್ರ ನಕಲಿ ಎಂಬುದು ಖಚಿತ.

ಎರಡನೆಯದು ಭೂತಗನ್ನಡಿ. ಕೆಳಗಿನ ಹೆಸರಿನ ಅಕ್ಷರ ನೋಡಿ. ಟಿ206 ಕಲ್ಲಚ್ಚಿನ ಮುದ್ರಣ, ಅಕ್ಷರ ತುಂಬು ಶಾಯಿಯಲ್ಲಿ ಇರಬೇಕು. ಅಕ್ಷರವೇ ಸಣ್ಣಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಚಿತ್ರದ ಚಿತ್ರ.

ಶರಾವತಿ:
ವ್ಯಾಗ್ನರ್ ಅವರ ಕಾರ್ಡ್ ಅಪರೂಪವಾದದ್ದು ಏಕೆಂದರೆ ಮಕ್ಕಳು ಅದಕ್ಕಾಗಿ ಸಿಗರೇಟ್ ಕೊಳ್ಳಬಾರದು ಎಂದು ಅವರು ಒಪ್ಪಿಗೆ ನಿರಾಕರಿಸಿದರು. ಎಷ್ಟು ದೊಡ್ಡ ಮನಸ್ಸು!

ಲೆಕ್ಕಿಗ:
ಅದು ಒಂದು ವಿವರಣೆ ಮಾತ್ರ. ಕಂಪನಿ ಹಣ ಕೊಡಲಿಲ್ಲ ಎಂದೇ ಒಪ್ಪಲಿಲ್ಲ ಎನ್ನುವವರೂ ಇದ್ದಾರೆ. ವ್ಯಾಗ್ನರ್ ಸ್ವತಃ ಹೊಗೆಸೊಪ್ಪು ಅಗಿಯುತ್ತಿದ್ದರು.

ಶರಾವತಿ:
ತಾನು ಅಗಿಯುವವನು ಮಕ್ಕಳು ಅಗಿಯಬಾರದು ಎಂದುಕೊಳ್ಳಬಾರದೇ? ನಮ್ಮ ತಾತ ಜೀವಮಾನವಿಡೀ ನಶ್ಯ ಏರಿಸಿದವರು, ಮೊಮ್ಮಕ್ಕಳು ಡಬ್ಬಿ ಮುಟ್ಟಿದರೆ ಕೈಗೆ ಏಟು ಬೀಳುತ್ತಿತ್ತು.

ಸಕ್ಕರೆನಾಡು:
ಹೊಸಮನೆಯವರು ‘ಟೇಲರ್, ಬಫಲೊ’ ಎಂದು ಬರೆದದ್ದನ್ನು ಕಂಡು ಈ ಚರ್ಚೆಗೆ ಬಂದೆ. ನಾನು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಮೇಷ್ಟರಾಗಿದ್ದೇನೆ. ಈ ಆಟಗಾರನ ಬಗ್ಗೆ ಪ್ರತಿ ವರ್ಷ ಹೊಸ ತರಗತಿಗೆ ಹೇಳುತ್ತೇನೆ.

ಲೂಥರ್ ಟೇಲರ್ ಹುಟ್ಟುಕಿವುಡರು. ಕನ್ಸಾಸ್ ರಾಜ್ಯದ ಓಲೇತಾ ಊರಿನ ಕಿವುಡರ ಶಾಲೆಯಲ್ಲಿ ಓದಿದವರು. ನ್ಯೂಯಾರ್ಕ್ ಜೈಂಟ್ಸ್ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವರು) ಆಗಿ 1904ರಲ್ಲಿ 21 ಪಂದ್ಯ ಗೆದ್ದರು. ಅವರ ಜೊತೆ ಮಾತನಾಡಲೆಂದು ತಂಡದ ಮುಖ್ಯಸ್ಥ ಜಾನ್ ಮೆಕ್‌ಗ್ರಾ ಕೈಸನ್ನೆಯ ಭಾಷೆ ಕಲಿತರು, ತಂಡದವರೂ ಕಲಿತರು. ನನ್ನ ಮಕ್ಕಳಿಗೆ ಈ ಮಾತು ಹೇಳುವಾಗ ಅವರ ಮುಖ ನೋಡಬೇಕು. ಇಡೀ ತಂಡ ಒಬ್ಬನ ಭಾಷೆ ಕಲಿಯಿತು! ಆಮೇಲೆ ಟೇಲರ್ ಕಿವುಡ ಮಕ್ಕಳ ಶಾಲೆಗಳಲ್ಲೇ ದುಡಿದರು, ತರಬೇತಿ ಕೊಟ್ಟರು. ಆಗಿನ ಪತ್ರಿಕೆಗಳು ಅವರನ್ನು ‘ಡಮ್ಮಿ’, ಅಂದರೆ ಮೂಕ, ಎಂದೇ ಕರೆದವು. ಈಗಲೂ ಕಾರ್ಡು ಮಾರುವವರು ಆ ಅಡ್ಡಹೆಸರನ್ನೇ ಬಳಸುತ್ತಾರೆ. ನನಗೆ ಅದು ಸಹಿಸುವುದಿಲ್ಲ. ನಿಮ್ಮ ಕಾರ್ಡಿನ ಮೇಲೆ ಬರೀ ‘ಟೇಲರ್’ ಎಂದಿದೆ, ಹಾಗೆಯೇ ಕರೆಯೋಣ.

ಅವರಿಗಿಂತ ಮೊದಲಿನವರು ವಿಲಿಯಂ ಹಾಯ್. ಮೂರನೇ ವರ್ಷದಲ್ಲಿ ಮಿದುಳುಜ್ವರ ಬಂದು ಕಿವಿ ಹೋಯಿತು. 1888ರಿಂದ 1902ರವರೆಗೆ ಆಡಿ ಎರಡು ಸಾವಿರಕ್ಕೂ ಹೆಚ್ಚು ಹಿಟ್ ಮಾಡಿದರು. 1961ರ ವಿಶ್ವ ಸರಣಿಯ (ವರ್ಷದ ಅಂತಿಮ ಹಣಾಹಣಿ) ಒಂದು ಪಂದ್ಯದಲ್ಲಿ ತೊಂಬತ್ತೊಂಬತ್ತನೇ ವಯಸ್ಸಿನಲ್ಲಿ ಗೌರವಾರ್ಥವಾಗಿ ಮೊದಲ ಚೆಂಡು ಎಸೆದರು, ಅದೇ ವರ್ಷ ತೀರಿಕೊಂಡರು. ಇಂದು ಅಂಪೈರುಗಳು ಕೈ ಎತ್ತಿ ತೋರಿಸುವ ಸನ್ನೆಗಳು ಹಾಯ್ ಅವರಿಗಾಗಿಯೇ ಹುಟ್ಟಿಕೊಂಡವು.

ಮೂರನೇ ಬೇಸ್:
ಮೇಷ್ಟ್ರೇ, ಕೊನೆಯ ವಾಕ್ಯ ಒಂದನ್ನು ತಿದ್ದಬೇಕು. ಹಾಯ್ ಅವರ ತಂಡದ ಕೋಚ್ ಮೂರನೇ ಬೇಸ್ ಹತ್ತಿರ ನಿಂತು ಬಾಲ್, ಸ್ಟ್ರೈಕ್ ಎಂಬ ಅಂಪೈರ್ ತೀರ್ಪನ್ನು ಕೈಯಲ್ಲಿ ತೋರಿಸುತ್ತಿದ್ದದ್ದು ನಿಜ. ಆದರೆ ಅಂಪೈರುಗಳ ಸನ್ನೆ ಅಲ್ಲಿಂದಲೇ ಬಂತು ಎಂಬುದನ್ನು ಇತಿಹಾಸಕಾರರು ಒಪ್ಪಿಲ್ಲ. ಆ ಪದ್ಧತಿ ವ್ಯಾಪಕವಾದದ್ದು ಹಾಯ್ ನಿವೃತ್ತರಾದ ಮೇಲೆ.

ಸಕ್ಕರೆನಾಡು:
ಇರಬಹುದು, ಮುಂದಿನ ವರ್ಷ ತರಗತಿಯಲ್ಲಿ ಕೋಚ್ ಎಂದೇ ಹೇಳುತ್ತೇನೆ. ಆದರೆ ಹಾಯ್ ಇನ್ನೂ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿ ಇಲ್ಲ ಎಂಬುದು ಅನ್ಯಾಯ. ಅದನ್ನು ಯಾರು ತಿದ್ದಬೇಕು?

ಎಡಗೈ ಬೌಲರ್:
ಹಾಯ್ ಅವರ ಕಾರ್ಡು ಇದೆಯೇ?

ಮೂರನೇ ಬೇಸ್:
ಇದೆ. 1880ರ ದಶಕದ ಓಲ್ಡ್ ಜಡ್ಜ್ ಸಿಗರೇಟಿನ ಸರಣಿಯಲ್ಲಿ. ಅವು ನಿಜವಾದ ಛಾಯಾಚಿತ್ರಗಳು, ರಟ್ಟಿಗೆ ಅಂಟಿಸಿದ್ದು. ಆಗಿನ ಕ್ಯಾಮೆರಾಕ್ಕೆ ಓಡುವ ಚೆಂಡು ಹಿಡಿಯಲು ಆಗುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಚೆಂಡನ್ನು ದಾರದಲ್ಲಿ ನೇತುಹಾಕಿ ಆಟಗಾರ ಅದನ್ನು ಹಿಡಿಯುವಂತೆ ನಿಲ್ಲಿಸುತ್ತಿದ್ದರು. ಕೆಲವು ಕಾರ್ಡುಗಳಲ್ಲಿ ಆ ದಾರ ಇಂದಿಗೂ ಸ್ಪಷ್ಟವಾಗಿ ಕಾಣುತ್ತದೆ.

ಶರಾವತಿ:
ನಾನು ಸ್ಯಾನ್ ಫ್ರಾನ್ಸಿಸ್ಕೊ ಕಡೆಯವಳು, ಇಲ್ಲಿನ ಒಂದು ಕಾರ್ಡಿನ ಬಗ್ಗೆ ಹೇಳಲೇಬೇಕು. ಕಾಲಿನ್ಸ್ ಮೆಕಾರ್ಥಿ ಎಂಬ ಮಿಠಾಯಿ ಕಂಪನಿ ‘ಜೀ ನಟ್’ ಎಂಬ ತಿಂಡಿಯ ಜೊತೆ ಪೆಸಿಫಿಕ್ ಕೋಸ್ಟ್ ಲೀಗ್ ಆಟಗಾರರ ಕಾರ್ಡು ಕೊಡುತ್ತಿತ್ತು, 1911ರಿಂದ 1938ರವರೆಗೆ. ಕೆಳಗೆ ಒಂದು ಕೂಪನ್ ಇರುತ್ತಿತ್ತು. ಮಕ್ಕಳು ಅದನ್ನು ಕತ್ತರಿಸಿ ಬಹುಮಾನ ಪಡೆಯುತ್ತಿದ್ದರು. ಹಾಗಾಗಿ ಕೂಪನ್ ಸಮೇತ ಉಳಿದ ಕಾರ್ಡು ಬಹಳ ಕಡಿಮೆ.

1916ರ ಮೇ ತಿಂಗಳಲ್ಲಿ ಓಕ್‌ಲ್ಯಾಂಡ್ ಓಕ್ಸ್ ತಂಡಕ್ಕೆ ಜಿಮ್ಮಿ ಕ್ಲಾಕ್ಸ್‌ಟನ್ ಎಂಬ ಎಡಗೈ ಪಿಚರ್ ಬಂದರು. ಅವರು ಕಪ್ಪು ವರ್ಣೀಯರು. ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಅಮೆರಿಕದ ಮೂಲನಿವಾಸಿ ಎಂದು ಹೇಳಿಸಿ ಸೇರಿದ್ದರು. ಮೇ 28ರಂದು ಒಂದೇ ದಿನ ನಡೆದ ಎರಡು ಪಂದ್ಯಗಳಲ್ಲೂ ಚೆಂಡು ಎಸೆದರು. ವಾರ ಕಳೆಯುವುದರೊಳಗೆ ನಿಜ ಸಂಗತಿ ತಂಡದವರಿಗೆ ತಿಳಿಯಿತು, ಕೆಲಸ ಹೋಯಿತು. ಆದರೆ ಆ ಒಂದೇ ವಾರದಲ್ಲಿ ಮಿಠಾಯಿ ಕಂಪನಿಯ ಛಾಯಾಗ್ರಾಹಕ ಮೈದಾನಕ್ಕೆ ಬಂದು ಎಲ್ಲರ ಜೊತೆ ಅವರ ಚಿತ್ರವನ್ನೂ ತೆಗೆದಿದ್ದ. ಕಾರ್ಡು ಅಚ್ಚಾಯಿತು. ಅಮೆರಿಕದ ಬೇಸ್‌ಬಾಲ್ ಕಾರ್ಡಿನ ಮೇಲೆ ಬಂದ ಮೊದಲ ಕಪ್ಪು ಆಟಗಾರ ಅವರು. ಅತ್ಯುನ್ನತ ಮಟ್ಟದ ಮೇಜರ್ ಲೀಗಿನ ಬಾಗಿಲನ್ನು ಕಪ್ಪು ಆಟಗಾರರಿಗೆ ತೆರೆದ ಜ್ಯಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡಕ್ಕೆ ಬಂದದ್ದು 1947ರಲ್ಲಿ, ಮೂವತ್ತೊಂದು ವರ್ಷದ ನಂತರ.

ಆ ಕಾರ್ಡು ಇಲ್ಲದಿದ್ದರೆ ಆ ವಾರವನ್ನು ಯಾರು ನಂಬುತ್ತಿದ್ದರು? ಅದರ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕೊಳ್ಳುವ ಶಕ್ತಿ ನನಗಿಲ್ಲ. ಅದೇ ವರ್ಷದ ಇನ್ನೊಬ್ಬ ಓಕ್ಸ್ ಆಟಗಾರನ ಕಾರ್ಡು, ಕೂಪನ್ ಕತ್ತರಿಸಿದ್ದು, ಒಂದು ತೆಗೆದುಕೊಂಡು ಓದುವ ಮೇಜಿನ ಮೇಲೆ ಇಟ್ಟಿದ್ದೇನೆ.

ಹೊಸಮನೆ:
ಶರಾವತಿಯವರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಲೆಕ್ಕಿಗ:
ಇದು ನನಗೂ ಗೊತ್ತಿರಲಿಲ್ಲ. ಆದರೆ ಈ ವಿಷಯ ಬಂದದ್ದಕ್ಕೆ ಕೇಳುತ್ತೇನೆ: 2024ರಲ್ಲಿ ನೀಗ್ರೋ ಲೀಗ್‌ಗಳ (ಆಗ ಕಪ್ಪು ಆಟಗಾರರಿಗೆ ಇದ್ದ ಪ್ರತ್ಯೇಕ ಲೀಗ್‌ಗಳ) ಅಂಕಿಅಂಶಗಳನ್ನು ಮೇಜರ್ ಲೀಗ್ ದಾಖಲೆಗೆ ಸೇರಿಸಿದರಲ್ಲ. ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯಲ್ಲಿ ಅಲ್ಲಿನ ಜಾಶ್ ಗಿಬ್ಸನ್ .372, ಟೈ ಕಾಬ್ .367. ರಾತ್ರೋರಾತ್ರಿ ಕಾಬ್ ಎರಡನೇ ಸ್ಥಾನಕ್ಕೆ ಬಂದರು. ಅಲ್ಲಿನ ಋತುಗಳಲ್ಲಿ ಪಂದ್ಯಗಳ ಸಂಖ್ಯೆ ತೀರಾ ಕಡಿಮೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ?

ಶರಾವತಿ:
ಪಂದ್ಯ ಕಡಿಮೆ ಇದ್ದದ್ದು ಯಾರ ತಪ್ಪು? ಒಳಗೆ ಬಿಟ್ಟಿದ್ದರೆ ಪೂರ್ತಿ ಋತು ಆಡುತ್ತಿದ್ದರು. ಕಾಬ್ ಕೂಡ ಕಪ್ಪು ಪಿಚರುಗಳನ್ನು ಎದುರಿಸದೆಯೇ .367 ಮಾಡಿದ್ದು. ತಕ್ಕಡಿ ಮೊದಲಿನಿಂದಲೂ ಓರೆಯೇ ಇತ್ತು.

ಲೆಕ್ಕಿಗ:
ಆ ಕೊನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೂ ಎರಡು ಪಟ್ಟಿ ಬೇರೆಯಾಗಿದ್ದರೆ ಒಳ್ಳೆಯದಿತ್ತು ಎಂಬುದೇ ನನ್ನ ಅಭಿಪ್ರಾಯ.

ನಿರ್ವಾಹಕ:
ಈ ವಿಷಯಕ್ಕೆ ಬೇರೆ ಎಳೆ ಶುರುಮಾಡಿ. ಇಲ್ಲಿ ಕಾರ್ಡಿನ ಮಾತು ಮುಂದುವರಿಯಲಿ.

ಅಂಚೆಪೆಟ್ಟಿಗೆ:
ಅಂಚೆಚೀಟಿ ಸಂಗ್ರಹದಲ್ಲಿ ಸಂಖ್ಯೆ ಕೊಡುವ ಕೆಟಲಾಗ್ ಇರುತ್ತದೆ. ಟಿ206 ಎಂಬ ಸಂಖ್ಯೆ ಕೊಟ್ಟವರು ಯಾರು? ಕಂಪನಿಯೇ?

ಮೂರನೇ ಬೇಸ್:
ಕಂಪನಿ ಅಲ್ಲ. ಸಿರಾಕ್ಯೂಸ್ ಊರಿನ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಉಪಕರಣ ಜೋಡಿಸುತ್ತಿದ್ದ ಜೆಫರ್ಸನ್ ಬರ್ಡಿಕ್ ಎಂಬ ಒಂಟಿ ಮನುಷ್ಯ. ಟಿ ಎಂದರೆ ಇಪ್ಪತ್ತನೇ ಶತಮಾನದ ತಂಬಾಕಿನ ಕಾರ್ಡು, ಎನ್ ಎಂದರೆ ಹತ್ತೊಂಬತ್ತನೇ ಶತಮಾನದ್ದು, ಇ ಎಂದರೆ ಆರಂಭಕಾಲದ ಮಿಠಾಯಿಯದ್ದು. ಆ ವಿಂಗಡಣೆಯನ್ನೇ ನಾವೆಲ್ಲ ಇಂದಿಗೂ ಬಳಸುವುದು. ಆತ ಸಂಗ್ರಹಿಸಿದ್ದು ಮೂರು ಲಕ್ಷಕ್ಕೂ ಹೆಚ್ಚು ಕಾಗದದ ಚೂರುಗಳು, ಅದರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡು. 1947ರಿಂದ ಅದನ್ನೆಲ್ಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ಕೊಡತೊಡಗಿದರು.

ಬರ್ಡಿಕ್‌ಗೆ ತೀವ್ರ ಸಂಧಿವಾತ. ಬೆರಳು ಬಗ್ಗದ ಸ್ಥಿತಿಯಲ್ಲೂ ಸಂಗ್ರಹಾಲಯದಲ್ಲಿ ಕೂತು ಒಂದೊಂದೇ ಕಾರ್ಡನ್ನು ಆಲ್ಬಮ್‌ಗೆ ತಾವೇ ಅಂಟಿಸುತ್ತ ಹೋದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಎರಡು ತಿಂಗಳಿಗೆ ತೀರಿಕೊಂಡರು. ವ್ಯಾಗ್ನರ್ ಕಾರ್ಡು ಕೂಡ ಆ ಸಂಗ್ರಹದಲ್ಲಿದೆ, ಬರ್ಗನ್ ಥರದವರ ಜೊತೆಗೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆ ಇಲ್ಲ. ನನಗೆ ಸಂಗ್ರಹ ಎಂದರೆ ಅದು.

ಲೆಕ್ಕಿಗ:
ಅಂಟು ಹಾಕಿದರೇ? ಅಷ್ಟೊಂದು ಕಾರ್ಡಿಗೆ!

ಅಂಚೆಪೆಟ್ಟಿಗೆ:
ಅಂಟಿಸಿದ್ದರಿಂದಲೇ ಉಳಿದಿವೆ ಸ್ವಾಮಿ. ಬಿಡಿಬಿಡಿಯಾಗಿದ್ದರೆ ಇಷ್ಟರಲ್ಲಿ ಹರಿದು ಹಂಚಿಹೋಗಿರುತ್ತಿದ್ದವು. ಅಂಚೆಚೀಟಿಯನ್ನು ಲಕೋಟೆಯಿಂದ ಬಿಡಿಸಲು ನೀರಿನಲ್ಲಿ ನೆನೆಸುತ್ತೇವೆ. ಕಾರ್ಡಿಗೂ ಹಾಗೆ ಮಾಡಬಹುದೇ?

ಮೂರನೇ ಬೇಸ್:
ಟಿ206ಗೆ ಮಾಡುತ್ತಾರೆ. ಎಣ್ಣೆ ಬೆರೆಸಿದ ಶಾಯಿ, ನೀರಿಗೆ ಕರಗುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ಹಾಕಿ ಹಳೆಯ ಮೈದಾ ಅಂಟು ತಾನಾಗಿ ಬಿಡುವವರೆಗೆ ಕಾದು, ಒತ್ತುಕಾಗದದ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ಒಣಗಿಸುವುದು. ಬರೀ ನೀರು ಪರವಾಗಿಲ್ಲ, ರಾಸಾಯನಿಕ ಮುಟ್ಟಿಸಬಾರದು ಎಂಬುದು ಹೆಚ್ಚಿನವರ ನಿಲುವು. ಛಾಯಾಚಿತ್ರದ ಓಲ್ಡ್ ಜಡ್ಜ್ ಕಾರ್ಡಿಗೆ ಇದನ್ನು ಮಾಡಲೇಬೇಡಿ.

ಎಡಗೈ ಬೌಲರ್:
ಒಂದು ವಿಷಯ ಕಾಡುತ್ತಿದೆ. 1973–74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗಿನ ತಂಡದಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಲ್ಲರಿಗೂ ಗೊತ್ತು. ಉಳಿದ ಹೆಸರುಗಳನ್ನು ಈಗ ಯಾರನ್ನು ಕೇಳಿದರೂ ತಡವರಿಸುತ್ತಾರೆ. ಅವರದ್ದೊಂದು ಕಾರ್ಡು ಇದ್ದಿದ್ದರೆ ನನ್ನ ಮಗಳೂ ‘ಇವರು ಯಾರು’ ಎಂದು ಕೇಳುತ್ತಿದ್ದಳು.

ಶರಾವತಿ:
ಕನ್ನಡಿಗರಿಗೆ ಇಷ್ಟವಾಗುವ ಇನ್ನೊಬ್ಬರನ್ನು ಹೇಳುತ್ತೇನೆ. ಮೋ ಬರ್ಗ್. ಪ್ರಿನ್ಸ್‌ಟನ್‌ನಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್‌ಗಳ ಜೊತೆ ಸಂಸ್ಕೃತವನ್ನೂ ಓದಿದ ಕ್ಯಾಚರ್! ಆಮೇಲೆ ಕೊಲಂಬಿಯಾದಲ್ಲಿ ಕಾನೂನು. ಹದಿನೈದು ಋತು ಆಡಿದರು, ಸರಾಸರಿ .243, ಆರೇ ಹೋಮ್ ರನ್. ಬಹುಪಾಲು ಬೆಂಚಿನ ಮೇಲೆ ಕೂತೇ ಕಳೆದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗೂಢಚಾರರಾದರು. 1944ರ ಡಿಸೆಂಬರ್‌ನಲ್ಲಿ ಜೂರಿಕ್‌ನಲ್ಲಿ ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ ಅವರ ಉಪನ್ಯಾಸಕ್ಕೆ ಜೇಬಿನಲ್ಲಿ ಪಿಸ್ತೂಲು ಇಟ್ಟುಕೊಂಡು ಹೋಗಿ ಕೂತರು. ಜರ್ಮನಿ ಅಣುಬಾಂಬ್‌ಗೆ ಹತ್ತಿರವಾಗಿದೆ ಎನಿಸಿದರೆ ಗುಂಡು ಹಾರಿಸಬೇಕೆಂಬ ಆದೇಶವಿತ್ತು. ಹಾರಿಸಲಿಲ್ಲ. 1933ರ ಗೌಡಿ ಕಂಪನಿಯ ಚೂಯಿಂಗ್ ಗಮ್ ಕಾರ್ಡುಗಳಲ್ಲಿ 158ನೇ ಸಂಖ್ಯೆ ಅವರದ್ದು.

ಸಕ್ಕರೆನಾಡು:
1934ರಲ್ಲಿ ತಂಡದ ಜೊತೆ ಜಪಾನಿಗೆ ಹೋದಾಗ ಟೋಕಿಯೋದ ಆಸ್ಪತ್ರೆಯೊಂದರ ತಾರಸಿಯಿಂದ ನಗರವನ್ನು ಚಿತ್ರೀಕರಿಸಿದರಲ್ಲ, 1942ರ ಬಾಂಬ್ ದಾಳಿಗೆ ಅದನ್ನೇ ಬಳಸಿದರಂತೆ.

ಶರಾವತಿ:
ಚಿತ್ರೀಕರಿಸಿದ್ದು ನಿಜ. ದಾಳಿಗೆ ಬಳಸಿದರು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ ಮೇಷ್ಟ್ರೇ.

ಲೆಕ್ಕಿಗ:
ಗೌಡಿ ಎಂದಾಗ ನೆನಪಾಯಿತು. 1933ರಲ್ಲಿ ಅವರು 106ನೇ ಸಂಖ್ಯೆಯ ಕಾರ್ಡನ್ನೇ ಹಾಕಲಿಲ್ಲ. ಮಕ್ಕಳು ಆ ಒಂದು ಸಂಖ್ಯೆಗಾಗಿ ಗಮ್ ಕೊಳ್ಳುತ್ತಲೇ ಇದ್ದರು. ದೂರು ಬಂದ ಮೇಲೆ ಮರುವರ್ಷ ಆ ಸಂಖ್ಯೆಗೆ ನ್ಯಾಪ್ ಲಾಜೊಯಿ ಎಂಬ ಆಟಗಾರನ ಕಾರ್ಡು ಅಚ್ಚುಹಾಕಿ, ಪತ್ರ ಬರೆದವರಿಗೆ ಅಂಚೆಯಲ್ಲಿ ಕಳುಹಿಸಿದರು. ಮಕ್ಕಳ ಕಾಸು ಹೀಗೆ ಕಿತ್ತುಕೊಂಡದ್ದನ್ನು ನಾನಂತೂ ಕ್ಷಮಿಸುವುದಿಲ್ಲ.

ಅಂಚೆಪೆಟ್ಟಿಗೆ:
ನೀವು ಬೆಲೆ ಮಾತ್ರ ನೋಡುವವರು ಎಂದುಕೊಂಡಿದ್ದೆ!

ಲೆಕ್ಕಿಗ:
ನನಗೆ ಅತ್ಯಂತ ಇಷ್ಟವಾದ ಕಾರ್ಡು ಮೂರು ಡಾಲರಿನದ್ದು. 1975ರ ಟಾಪ್ಸ್, ಹರ್ಬ್ ವಾಷಿಂಗ್ಟನ್. ಓಟದ ಸ್ಪರ್ಧಿಯಾಗಿದ್ದವರನ್ನು ಓಕ್‌ಲ್ಯಾಂಡ್ ತಂಡ ಬರೀ ಓಡಲೆಂದೇ ಸೇರಿಸಿಕೊಂಡಿತು. 105 ಪಂದ್ಯ, 31 ಬೇಸ್ ಕದ್ದರು, 33 ರನ್. ಒಮ್ಮೆಯೂ ಬ್ಯಾಟ್ ಹಿಡಿಯಲಿಲ್ಲ. ಕಾರ್ಡಿನ ಮೇಲೆ ಅವರ ಸ್ಥಾನ ‘ಪಿಂಚ್ ರನ್ನರ್’ (ಬದಲಿ ಓಟಗಾರ) ಎಂದೇ ಅಚ್ಚಾಗಿದೆ. ಅದು ಗ್ರೇಡಿಂಗ್ ಆಗಿಲ್ಲ, ನನ್ನ ಪರ್ಸಿನಲ್ಲಿದೆ.

ಹೊಸಮನೆ:
ಟಾರ್ಚ್ ಬಂತು. ನಿನ್ನೆ ರಾತ್ರಿ ಊಟವಾದ ಮೇಲೆ ಅಡುಗೆಮನೆಯ ದೀಪ ಆರಿಸಿ, ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ ಇಪ್ಪತ್ತಮೂರನ್ನೂ ಸಾಲಾಗಿ ಇಟ್ಟೆವು. ಟಾರ್ಚ್ ಹಿಡಿದವನು ಮಗ. ಒಂದೊಂದೂ ಮಂಕಾಗಿ, ಒಣ ತರಗೆಲೆಯ ಬಣ್ಣದಲ್ಲಿ ಕಂಡವು. ಬರ್ಗನ್ ಮಂಕು. ಪವರ್ಸ್ ಮಂಕು. ಟೇಲರ್ ಮಂಕು. ಹತ್ತೊಂಬತ್ತನೆಯದಕ್ಕೆ ಬೆಳಕು ಬಿದ್ದಾಗ ಇಡೀ ಕಾರ್ಡು ತೊಳೆದ ಅಂಗಿಯ ಹಾಗೆ ನೀಲಿಯಾಗಿ ಹೊಳೆಯಿತು. ಕಾಬ್. ಭೂತಗನ್ನಡಿಯಲ್ಲಿ ನೋಡಿದರೆ ಹೆಸರಿನ ಅಕ್ಷರಗಳೂ ಚುಕ್ಕೆಚುಕ್ಕೆ.

ಲೆಕ್ಕಿಗ:
ಛೆ. ಯಾರಾದರೂ ನಕಲಿ ಮಾಡುವುದಿದ್ದರೆ ಕಾಬ್‌ನನ್ನೇ ಮಾಡುತ್ತಾರೆ, ಬರ್ಗನ್‌ನನ್ನು ಮಾಡುವುದಿಲ್ಲ. ಉಳಿದ ಇಪ್ಪತ್ತೆರಡಕ್ಕೆ ನಾನ್ನೂರು ಡಾಲರ್ ನಷ್ಟವೇನೂ ಅಲ್ಲ. ಗ್ರೇಡಿಂಗ್ ಮಾತನ್ನು ನಾನು ಹಿಂದೆಗೆದುಕೊಳ್ಳುತ್ತೇನೆ, ಈ ಕಾರ್ಡುಗಳಿಗೆ ಅದರ ಶುಲ್ಕವೇ ಹೆಚ್ಚಾಗುತ್ತದೆ.

ಮೂರನೇ ಬೇಸ್:
ಪವರ್ಸ್ ಬಗ್ಗೆ ಹೇಳುವುದು ಉಳಿದಿತ್ತು. ಮೈಕ್ ಪವರ್ಸ್ ವೈದ್ಯಕೀಯ ಓದಿದವರು, ‘ಡಾಕ್’ ಎಂದೇ ಹೆಸರು. 1909ರ ಏಪ್ರಿಲ್ 12ರಂದು ಫಿಲಡೆಲ್ಫಿಯಾದಲ್ಲಿ ಶೈಬ್ ಪಾರ್ಕ್ ಮೈದಾನದ ಮೊಟ್ಟಮೊದಲ ಪಂದ್ಯ. ಪಿಚರ್ ಎಡ್ಡಿ ಪ್ಲ್ಯಾಂಕ್, ಕ್ಯಾಚರ್ ಪವರ್ಸ್. ಆಟದ ನಡುವೆಯೇ ಹೊಟ್ಟೆನೋವು ಶುರುವಾಗಿತ್ತು, ಆದರೂ ಪೂರ್ತಿ ಆಡಿದರು, ತಂಡ ಗೆದ್ದಿತು. ಆಮೇಲೆ ಕುಸಿದರು. ಕರುಳಿನ ಶಸ್ತ್ರಚಿಕಿತ್ಸೆ ಒಂದರ ಮೇಲೊಂದು ಮಾಡಿದರೂ ಏಪ್ರಿಲ್ 26ರಂದು ತೀರಿಕೊಂಡರು. ಟಿ206 ಸರಣಿ ಶುರುವಾದ ವರ್ಷವೇ ಅದು.

ಪ್ಲ್ಯಾಂಕ್ ಅವರ ಟಿ206 ಕಾರ್ಡು ವ್ಯಾಗ್ನರ್ ನಂತರದ ಅತಿ ಅಪರೂಪದ ಕಾರ್ಡುಗಳಲ್ಲಿ ಒಂದು, ನಮ್ಮಂಥವರ ಕೈಗೆ ಸಿಗುವುದಿಲ್ಲ. ಅವರ ಚೆಂಡನ್ನು ವರ್ಷಗಟ್ಟಲೆ ಹಿಡಿದ ಪವರ್ಸ್ ನಿಮ್ಮ ತಗಡಿನ ಡಬ್ಬಿಯಲ್ಲಿದ್ದಾರೆ.

ಹೊಸಮನೆ:
ಕಾಬ್ ನಕಲಿ ಎಂದಾಗ ಮಗ ಬೇಸರಪಡುತ್ತಾನೆ ಎಂದುಕೊಂಡಿದ್ದೆ. ಅವನು ಬರ್ಗನ್ ಕಾರ್ಡನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ‘ಇದು ಖಂಡಿತ ಅಸಲಿ ಅಲ್ಲವಾ?’ ಎಂದು ಖಾತ್ರಿ ಮಾಡಿಕೊಂಡ. ಈಗ ಅವನಿಗೆ ಕ್ಯಾಚರ್ ಆಗಿ ನಿಂತ ಇನ್ನೊಂದು ಬರ್ಗನ್ ಬೇಕಂತೆ. ಯಾರ ಬಳಿಯಾದರೂ ಇದ್ದರೆ ತಿಳಿಸಿ. ಸವೆದದ್ದಾದರೂ ಸರಿ, ಅದಲುಬದಲಿಗೆ ನನ್ನಲ್ಲಿ ಎರಡೆರಡು ಇರುವ ಮೂರು ಆಟಗಾರರಿದ್ದಾರೆ.

ಮೂರನೇ ಬೇಸ್:
ನನ್ನಲ್ಲಿ ಒಂದು ಹೆಚ್ಚಿಗೆ ಇದೆ. ಎಡ ಮೂಲೆ ಮಡಚಿದೆ, ಹಿಂದೆ ಯಾವುದೋ ಮಗು ಪೆನ್ಸಿಲಿನಲ್ಲಿ ಕೂಡಿಸುವ ಲೆಕ್ಕ ಮಾಡಿದೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳುಹಿಸಿ, ಸೋಮವಾರ ಅಂಚೆಗೆ ಹಾಕುತ್ತೇನೆ.

ಸಕ್ಕರೆನಾಡು:
ಹೊಸಮನೆಯವರೇ, ಟೇಲರ್ ಕಾರ್ಡಿನ ಎರಡೂ ಬದಿಯ ಚಿತ್ರ ಕಳುಹಿಸುತ್ತೀರಾ? ದೊಡ್ಡದಾಗಿ ಅಚ್ಚುಹಾಕಿಸಿ ತರಗತಿಯ ಗೋಡೆಗೆ ಹಾಕಬೇಕು.